ಏಳನೇ ಕಿಲೋಮೀಟರ್‌ಗೆ ಕೈ ಚೆಲ್ಲೋರಿಗೆ: ಜೋರು ಓಟದ ನೋವನ್ನ ತಲೆಯಿಂದ ನಿಭಾಯಿಸೋ ಸಮಗ್ರ ಮಾರ್ಗದರ್ಶಿ

10ಕೆ, ಅಂದ್ರೆ 10 ಕಿಲೋಮೀಟರ್ ಓಡೋರಲ್ಲಿ ತುಂಬಾ ಜನ ಒಂದೇ ಜಾಗದಲ್ಲಿ ಮುಗ್ಗರಿಸ್ತಾರೆ. ಐದರ ತನಕ ಚೆನ್ನಾಗಿರತ್ತೆ, ಆರಕ್ಕೆ ತೊಡೆ ಉರಿಯೋಕೆ ಶುರುವಾಗತ್ತೆ, ಏಳು ದಾಟ್ತಿದ್ದಂಗೆ "ಇವತ್ ಯಾಕೋ ಆಗ್ತಿಲ್ಲ, ಸ್ವಲ್ಪ ನಡೀತೀನಿ" ಅಂತ ನಡಿಗೆಗೆ ಇಳಿತಾರೆ, ಎರಡು ನಿಮಿಷ ಬಿಟ್ಟು ನೋಡಿದ್ರೆ ಮೈಗೆ ಏನೂ ಆಗಿರಲ್ಲ, ಮನೆಗೆ ಬಂದು ನಂಗೆ ವಿಲ್‌ಪವರ್ರೇ ಇಲ್ಲ ಅಂತ ಬೇಜಾರ್ ಮಾಡ್ಕೊಳ್ತಾರೆ. ಇಂಟರ್ವಲ್ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ, ಹೀಗೆ ಮತ್ತೆ ಮತ್ತೆ ಓಡೋದು; ಒಂದೊಂದು ಜೋರು ಸುತ್ತಿಗೆ ರಿಪೀಟ್ ಅಂತಾರೆ) ಮಾಡೋರದ್ದೂ ಇದೇ ಗೋಳು, ಮೂರನೇ ರಿಪೀಟ್‌ಗೆ ಸುಸ್ತು ಹೊಡ್ದು ಗೇಟ್ ಕಡೆ ಮುಖ ಮಾಡ್ತಾರೆ.

ವಿಲ್‌ಪವರ್‌ನ ಬೈದು ಪ್ರಯೋಜನ ಇಲ್ಲ, ಕೆಡ್ತಿರೋದು ಕೆಲಸದ ಆರ್ಡರ್ರು. ನೋವು ಜೋರಾದ್ಮೇಲೆ "ಈಗೇನ್ ಮಾಡ್ಲಿ" ಅಂತ ಯೋಚನೆಗೆ ಕೂತ್ರೆ ಆ ಹೊತ್ತಲ್ಲಿ ತಲೆ ಕೊಡೋ ಉತ್ತರ ಒಂದೇ, ನಿಲ್ಸು ಅಂತ. ಹಾಗಾಗಿ ತಲೆಗೆ ಸಂಬಂಧಪಟ್ಟ ಮುಕ್ಕಾಲು ಕೆಲಸ ಓಟಕ್ಕೆ ಮುಂಚೆನೇ ಮುಗಿದಿರ್ಬೇಕು. ಕೆಳಗಿರೋ ಹಂತಗಳನ್ನ ಅದೇ ಆರ್ಡರ್‌ನಲ್ಲಿ ಮಾಡಿ, ನೇರ ಆರನೇ ಹಂತಕ್ಕೆ ಹಾರಿದ್ರೆ ಕೆಲ್ಸ ಆಗಲ್ಲ.

## ಯಾರಿಗೆ, ಯಾರಿಗಲ್ಲ

ನಿಲ್ಲದೆ 5 ಕಿಲೋಮೀಟರ್ ಆರಾಮಾಗಿ ಓಡೋಕೆ ಬರೋರಿಗೆ ಇದು. ಈಗಷ್ಟೇ ಶುರು ಮಾಡಿದೋರು ಮೊದಲು ಎರಡು ಮೂರು ತಿಂಗಳು ನಿಧಾನಕ್ಕೆ ಓಡಿ, ನೋವು ಸಹಿಸೋ ಪಾಠ ಆಮೇಲೆ. ಹಾರ್ಟ್ ಪ್ರಾಬ್ಲಮ್, ಬಿಪಿ, ಶುಗರ್ ಇರೋರು, ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ರೆ ಅಂಥೋರು, ನಲವತ್ತು ದಾಟಿ ಹೊಸದಾಗಿ ಜೋರು ವ್ಯಾಯಾಮಕ್ಕೆ ಇಳೀತಿರೋರು, ಮೊದಲು ಡಾಕ್ಟ್ರನ್ನ ನೋಡಿ.

ಇನ್ನೊಂದು, ನಿನ್ನೆ ಮದುವೆ ಊಟ ಜಾಸ್ತಿ ಆಯ್ತು ಅಂತ ಮೈಗೆ ಶಿಕ್ಷೆ ಕೊಡೋಕೆ ಓಡೋರಿಗೂ ಇದಲ್ಲ. ಅಲ್ಲಿ ಕಮ್ಮಿ ಮಾಡ್ಬೇಕಾಗಿರೋದು ಓಟಾನೇ.

## ಬೇಕಾಗೋ ಸಾಮಾನು

ಸೆಕೆಂಡ್ ತೋರಿಸೋ ಯಾವುದಾದ್ರೂ ವಾಚು. ಒಂದು ಚಿಕ್ಕ ನೋಟ್‌ಬುಕ್ಕು, ಇಲ್ಲ ಮೊಬೈಲ್‌ನ ನೋಟ್ಸ್. ಬಾಲ್‌ಪೆನ್ನು, ಅದ್ಯಾಕೆ ಅಂತ ಮುಂದೆ ಗೊತ್ತಾಗತ್ತೆ. ಸಮತಟ್ಟಾದ, ಗಾಡಿ ಕಾಟ ಇಲ್ಲದ ಜಾಗ: ಊರಿನ ಸ್ಟೇಡಿಯಂ ಟ್ರ್ಯಾಕು, ಕಾಲೇಜ್ ಗ್ರೌಂಡು, ಯಾವುದೂ ಸಿಗ್ಲಿಲ್ಲ ಅಂದ್ರೆ ಕೆರೆ ಸುತ್ತ ಇರೋ ವಾಕಿಂಗ್ ಪಾತ್. ಸಾಧ್ಯ ಆದ್ರೆ ಜೊತೆಗೊಬ್ರು ಫ್ರೆಂಡು.

ಬೇಡದೇ ಇರೋದು ಎರಡು. ಕಲಿಯೋ ಟೈಮಲ್ಲಿ ಇಯರ್‌ಫೋನ್ ಬೇಡ. ಹಾಡು ಕೇಳಿದ್ರೆ ನೋವು ಕಮ್ಮಿ ಅನ್ಸತ್ತೆ ನಿಜ, ಆದ್ರೆ ನಿಮ್ಮ ಉಸಿರು ನಿಮಗೇ ಕೇಳಿಸಲ್ಲ. ಪೇನ್‌ಕಿಲ್ಲರ್ ಅಂತೂ ಬೇಡವೇ ಬೇಡ. ಓಡೋ ಮುಂಚೆ ಕಾಂಬಿಫ್ಲಾಮ್ ಇಲ್ಲ ವೊವೆರಾನ್ ನುಂಗೋ ಅಭ್ಯಾಸ ಎಷ್ಟು ಜನಕ್ಕಿದೆ ಅಂದ್ರೆ ಆಶ್ಚರ್ಯ ಆಗತ್ತೆ. ಅದ್ರಲ್ಲಿರೋ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಔಷಧಿ, ಬೆವತು ನೀರು ಕಮ್ಮಿಯಾಗಿರೋ ಮೈಯಲ್ಲಿ ಕಿಡ್ನಿಗೆ ಹೋಗೋ ರಕ್ತಾನ ಇನ್ನೂ ಕಮ್ಮಿ ಮಾಡತ್ತೆ. ಅಷ್ಟೇ ಅಲ್ದೆ ನಿಲ್ಲಿಸ್ಬೇಕಾದ ನೋವನ್ನೂ ಮುಚ್ಚಿಹಾಕತ್ತೆ.

## ಹಂತ 1: ಯಾವ ನೋವು ಅಂತ ವಿಂಗಡಿಸಿ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ, ಯಾಕಂದ್ರೆ ಎಲ್ಲ ನೋವನ್ನೂ ಸಹಿಸ್ಕೊಂಡ್ರೆ ಕಾಲು ಹೋಗತ್ತೆ, ಎಲ್ಲ ನೋವಿಗೂ ಹೆದರಿದ್ರೆ ಓಟ ಹೋಗತ್ತೆ.

ಶ್ರಮದ ಉರಿ. ಎರಡೂ ತೊಡೆ, ಎರಡೂ ಮೀನಖಂಡ ಸಮವಾಗಿ ಉರಿಯತ್ತೆ, ಕಾಲು ಭಾರ ಆಗತ್ತೆ, ಏದುಸಿರು ಬರತ್ತೆ. ಇಂಥಾ ಜಾಗ ಅಂತ ಬೆರಳಿಟ್ಟು ತೋರ್ಸೋಕೆ ಆಗಲ್ಲ. ಸ್ಪೀಡ್ ಇಳಿಸಿದ್ರೆ ಒಂದೆರಡು ನಿಮಿಷದಲ್ಲಿ ತಗ್ಗತ್ತೆ. ಇದು "ಲ್ಯಾಕ್ಟಿಕ್ ಆಸಿಡ್" ಸೇರ್ಕೊಂಡು ಬರೋದು ಅಂತ ಜಿಮ್ ಟ್ರೇನರ್‌ಗಳು ಇವತ್ತಿಗೂ ಹೇಳ್ತಾರೆ, ಆದ್ರೆ ಲ್ಯಾಕ್ಟೇಟ್ ಒಂದನ್ನೇ ದೂರೋಕಾಗಲ್ಲ, ಅದನ್ನ ಮೈ ಇಂಧನವಾಗಿ ವಾಪಸ್ ಬಳಸ್ಕೊಳ್ಳತ್ತೆ. ಜೋರಾಗಿ ಕೆಲಸ ಮಾಡ್ತಿರೋ ಸ್ನಾಯುವಿನಲ್ಲಿ ಹೈಡ್ರೋಜನ್ ಅಯಾನು, ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡೋ ಅಣು), ಲ್ಯಾಕ್ಟೇಟ್ ಎಲ್ಲಾ ಒಟ್ಟಿಗೆ ಏರ್ದಾಗ ಅಲ್ಲಿರೋ ಸಣ್ಣ ನರಗಳು ಮಿದುಳಿಗೆ ಸುದ್ದಿ ಕಳ್ಸತ್ವೆ. ಅಂದ್ರೆ ಈ ಉರಿ ಬಂತು ಅಂದ ಮಾತ್ರಕ್ಕೆ ಏನೋ ಹರಿದುಹೋಯ್ತು ಅಂತಲ್ಲ. ಈ ಗೈಡ್ ಪೂರ್ತಿ ಇದರ ಬಗ್ಗೇನೇ.

ಕಾಟದ ನೋವು. ಪಕ್ಕೆ ಹಿಡ್ಕೊಳ್ಳೋದು, ಮೀನಖಂಡ ಸೆಡೆತ ಬರೋದು. ಅಪಾಯ ಇಲ್ಲ, ಆದ್ರೆ ಹಲ್ಲು ಕಚ್ಚಿ ಗೆಲ್ಲೋಕೂ ಆಗಲ್ಲ. ಪಕ್ಕೆ ಹಿಡಿದ್ರೆ ನಿಧಾನ ಮಾಡಿ, ಸ್ವಲ್ಪ ಮುಂದಕ್ಕೆ ಬಾಗಿ, ನೋವಿರೋ ಜಾಗ ಒತ್ತಿ ಹಿಡ್ದು ಉಸಿರನ್ನ ಉದ್ದಕ್ಕೆ ಹೊರಗೆ ಬಿಡಿ. ಓಡೋಕೆ ಸ್ವಲ್ಪ ಮುಂಚೆ ಹೊಟ್ಟೆ ತುಂಬ ತಿಂದೋರಿಗೆ, ಲೋಟಗಟ್ಲೆ ಜ್ಯೂಸ್ ಕುಡಿದೋರಿಗೆ ಇದು ಜಾಸ್ತಿ. ಸೆಡೆತ ಬಂದ್ರೆ ನಿಂತು, ಪಾದದ ತುದಿ ಮೊಣಕಾಲ ಕಡೆ ಎಳ್ದು ಹಿಡೀರಿ.

ಕೆಟ್ಟ ನೋವು. ಒಂದೇ ಕಾಲಲ್ಲಿ, ಒಂದೇ ಜಾಗದಲ್ಲಿ, ಚಳಕ್ ಅಂತ ಬರೋದು. ಕೀಲಿನೊಳಗೆ ಬರೋದು. ಪ್ರತಿ ಹೆಜ್ಜೆಗೂ ಏರ್ತಾ ಹೋಗೋದು. ನೀವು ಕುಂಟೋ ಹಾಗೆ ಮಾಡೋದು.

ಡೌಟ್ ಇದ್ರೆ ಒಂದು ಟೆಸ್ಟ್: ಎರಡು ನಿಮಿಷ ಪೂರ್ತಿ ನಿಧಾನ ಮಾಡಿ. ಉರಿ ಇಳಿದ್ರೆ ಶ್ರಮದ ನೋವು. ಹಂಗೇ ಇದ್ರೆ, ಇಲ್ಲ ವಾಪಸ್ ಶುರು ಮಾಡಿದ ಮೊದಲ ಹೆಜ್ಜೆಗೇ ಅದೇ ಜಾಗದಲ್ಲಿ ಚುಚ್ಚಿದ್ರೆ ಅವತ್ತಿನ ಓಟ ಮುಗೀತು, ಆಟೋ ಹಿಡೀರಿ.

### ಇಲ್ಲಿ ಮನಸ್ಸು ಗಟ್ಟಿ ಮಾಡ್ಕೊಳ್ಳೋ ಹಾಗೇ ಇಲ್ಲ

- ಎದೆ ಒತ್ತಿದಂಗೆ, ಬಿಗಿದಂಗೆ ಆಗೋದು, ನೋವು ದವಡೆ, ಕುತ್ತಿಗೆ, ಎಡಗೈ, ಬೆನ್ನಿಗೆ ಹಬ್ಬೋದು. "ಗ್ಯಾಸ್ ಇರ್ಬೇಕು" ಅಂತ ಓಡ್ಬೇಡಿ. ನಿಂತು, ಕೂತು, 108ಕ್ಕೆ ಕಾಲ್ ಮಾಡ್ಸಿ.
- ಕಣ್ಣು ಕತ್ತಲೆ ಬರೋದು, ಎದೆ ಬಡಿತ ತಾಳ ತಪ್ಪೋದು.
- ಸುಡೋ ಬಿಸಿಲಲ್ಲಿ ಚಳಿ ಆದಂಗೆ, ಮೈ ಜುಂ ಅಂದಂಗೆ ಆಗೋದು, ಮಾತು ತೊದಲೋದು, ಓಲಾಡ್ತಾ ಓಡೋದು. ಹೀಟ್ ಸ್ಟ್ರೋಕ್ ಆಗ್ತಿರೋರು ಇನ್ನೂ ಬೆವರ್ತಾನೇ ಇರ್ಬಹುದು, ಬೆವರು ಇದೆ ಅಂತ ಸುಮ್ನಾಗ್ಬೇಡಿ. ಮೊದಲು ತಣ್ಣೀರು ಸುರೀರಿ, ಐಸ್ ಇಡಿ, ಜೊತೆಜೊತೆಗೇ ಆಂಬುಲೆನ್ಸ್‌ಗೆ ಕಾಲ್ ಮಾಡಿ.
- ಮೊಣಕಾಲ ಕೆಳಗಿನ ಮೂಳೇಲಿ ಒಂದು ನಾಣ್ಯದಷ್ಟು ಜಾಗದಲ್ಲಿ, ಮುಟ್ಟಿದ್ರೆ ಪ್ರಾಣ ಹೋಗೋ ನೋವು, ರಾತ್ರಿ ಮಲಗಿದಾಗ್ಲೂ ಇದ್ರೆ ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೇಲಿ ಸಣ್ಣ ಬಿರುಕು) ಇರ್ಬಹುದು.
- ಒಂದೇ ಮೀನಖಂಡ ಊದಿ, ಬೆಚ್ಚಗಾಗಿ ದಿನಗಟ್ಲೆ ನೋಯೋದು.
- ವರ್ಕೌಟ್ ಆದ್ಮೇಲೆ ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ. ಸ್ನಾಯು ಒಡೆದು ಅದ್ರ ಪ್ರೋಟೀನ್ ಕಿಡ್ನಿಗೆ ಹೋಗ್ತಿರೋ ಲಕ್ಷಣ ಇದು. ನೀರು ಕುಡಿದ್ರೆ ಸರಿ ಹೋಗತ್ತೆ ಅಂತ ಮನೇಲಿ ಕೂರ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

## ಹಂತ 2: ನೋವಿಗೆ ನಂಬರ್ ಕೊಡೋದು ಕಲೀರಿ

"ತುಂಬಾ ನೋವು" ಅಂದ್ರೆ ಎಷ್ಟು ಅಂತ ನಿಮಗೇ ಗೊತ್ತಿಲ್ಲ ಅಂದ್ರೆ ನಿಭಾಯಿಸೋದು ಹೆಂಗೆ? ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ ಶ್ರಮದ ಸ್ಕೇಲು ಕೋಚ್‌ಗಳು ದಿನಾ ಬಳಸೋ ಸಾಮಾನು. ಅದ್ರ ಮೂಲ ರೂಪ 6ರಿಂದ 20ರ ತನಕ ಇರತ್ತೆ, ನಮಗೆ 0ಯಿಂದ 10ರದ್ದು ಸಾಕು.

ಮಾತಾಡಿ ನೋಡೋದು ಸುಲಭದ ಅಳತೆ. ಪೂರ್ತಿ ವಾಕ್ಯ ಹೇಳೋಕಾದ್ರೆ 3–4. ತುಂಡು ತುಂಡಾಗಿ ಹೇಳೋಕಾದ್ರೆ 5–6. "ಹೂಂ", "ಇಲ್ಲ" ಅಷ್ಟೇ ಆಗೋದಾದ್ರೆ 7–8. ಬೈಗುಳ ಕೂಡ ಪೂರ್ತಿ ಬರ್ತಿಲ್ಲ ಅಂದ್ರೆ 9.

ಇಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ಶ್ರಮ, ನೋವು ಎರಡಕ್ಕೂ ಸೇರ್ಸಿ ಒಂದೇ ನಂಬರ್ ಕೊಡೋದು. ಬೇರೆ ಬೇರೆ ಕೊಡಿ. "ಶ್ರಮ 8, ತೊಡೆ ಉರಿ 5" ಅಂತ ಬರಿಯೋಕೆ ಶುರು ಮಾಡಿದ ಎರಡು ವಾರಕ್ಕೆ ನಿಮಗೊಂದು ವಿಷಯ ಹೊಳೆಯತ್ತೆ, ನೀವು ಬಿಡೋ ಹೊತ್ತಲ್ಲಿ ಸುಮಾರು ಸಲ ನೋವು 5ರ ಮೇಲೆ ಹೋಗಿರೋದೇ ಇಲ್ಲ, ಮೇಲೆ ಹೋಗಿರೋದು ಗಾಬರಿ. ಕೀಲಿನ ನೋವಿಗೆ ಮಾತ್ರ ನನ್ನ ರೂಲ್ ಬೇರೆ, 3 ದಾಟಿದ್ರೆ ಅವತ್ತಿಗೆ ಸ್ಟಾಪ್.

ಹವಾಮಾನಾನೂ ಬರ್ಕೊಳ್ಳಿ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಬೆವರು ಒಣಗಲ್ಲ, ಅದೇ ಸ್ಪೀಡು ಬೆಂಗಳೂರಿನ ಚಳಿಗಾಲದ ಬೆಳಗ್ಗೆಗಿಂತ ಒಂದೆರಡು ನಂಬರ್ ಜಾಸ್ತಿನೇ ಅನ್ಸತ್ತೆ. ರಾಯಚೂರು, ಕಲಬುರಗಿಯೋರು ಬೇಸಿಗೇಲಿ ಸೂರ್ಯ ಹುಟ್ಟೋಕೆ ಮುಂಚೆ ಮುಗಿಸಿ, ಇಲ್ಲಾಂದ್ರೆ ಅವತ್ತು ಜೋರು ಓಟಾನೇ ಬಿಟ್ಬಿಡಿ.

## ಹಂತ 3: ನೋವನ್ನ ಡೋಸ್ ಲೆಕ್ಕದಲ್ಲಿ ತಗೊಳ್ಳಿ

ರೇಸ್ ದಿನ ಮೊದಲನೇ ಸಲ 8ರ ಶ್ರಮ ನೋಡೋರು ಹೆದರದೇ ಇರೋಕೆ ಸಾಧ್ಯವೇ ಇಲ್ಲ. ವಾರಕ್ಕೆ ಒಂದೇ ಒಂದು ದಿನ, ಲೆಕ್ಕ ಇಟ್ಟು ಈ ನೋವಿನ ಜೊತೆ ಪರಿಚಯ ಮಾಡ್ಕೊಳ್ಬೇಕು.

ಮೊದಲ ಎರಡು ವಾರ: 1 ನಿಮಿಷ ಜೋರು, 2 ನಿಮಿಷ ನಿಧಾನ, ಹೀಗೆ 6 ಸಲ. ಮುಂದಿನ ಎರಡು ವಾರ: 2 ನಿಮಿಷ ಜೋರು, 2 ನಿಮಿಷ ನಿಧಾನ, 5 ಸಲ. ಆಮೇಲಿನ ಎರಡು ವಾರ: 4 ನಿಮಿಷ ಜೋರು, 3 ನಿಮಿಷ ನಿಧಾನ, 4 ಸಲ. ಮುಂಚೆ 15 ನಿಮಿಷ ವಾರ್ಮ್‌ಅಪ್, ಕೊನೇಲಿ 10 ನಿಮಿಷ ನಿಧಾನ ಓಟ. ಇನ್ನೊಂದು ಜೋರು ವರ್ಕೌಟ್‌ಗೂ ಇದಕ್ಕೂ ಮಧ್ಯೆ ಕಮ್ಮಿ ಅಂದ್ರೂ 48 ಗಂಟೆ ಗ್ಯಾಪ್ ಇರ್ಲಿ.

ಸ್ಪೀಡ್ ಎಷ್ಟು ಅಂತ ಕೇಳೋರಿಗೆ, ಕೊನೇ ರಿಪೀಟು ಮೊದಲನೇದರಷ್ಟೇ ಸ್ಪೀಡಲ್ಲಿ ಬರ್ಬೇಕು, ಅಷ್ಟು. ಮೂರನೇದಕ್ಕೇ ಬಿಡ್ತಿದ್ದೀರಾ ಅಂದ್ರೆ ಬಹುಪಾಲು ಕಾರಣ ಮೊದಲನೇದನ್ನ ಹುಚ್ಚರ ಥರ ಓಡಿರ್ತೀರ. ಅದಕ್ಕೆ ಮನೋಬಲದಲ್ಲಿ ಮದ್ದಿಲ್ಲ, ಸ್ಪೀಡ್ ಇಳಿಸೋದೇ ಮದ್ದು.

ಒಂದು ರೂಲ್ ಮಾತ್ರ ಕಡ್ಡಾಯ. ಬಿಡೋದಾ ಬೇಡ್ವಾ ಅನ್ನೋ ತೀರ್ಮಾನ ರೆಸ್ಟ್‌ನಲ್ಲಿ ಮಾತ್ರ, ರಿಪೀಟ್ ಮಧ್ಯದಲ್ಲಿ ಇಲ್ಲ. ಕೆಟ್ಟ ನೋವಿಗೆ ಇದು ಅನ್ವಯ ಆಗಲ್ಲ, ಅದಕ್ಕೆ ತಕ್ಷಣ ನಿಲ್ಲಿ. ಉರಿಗೆ ಮಾತ್ರ ಈ ರೂಲು. ಶುರು ಮಾಡಿದ ನಾಲ್ಕು ನಿಮಿಷ ಮುಗಿಸಿ, ನಿಧಾನ ಓಡ್ತಾ ಒಂದು ನಿಮಿಷ ಆದ್ಮೇಲೆ "ಇನ್ನೊಂದು ಮಾಡ್ಲಾ" ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ಅಷ್ಟೊತ್ತಿಗೆ ಉಸಿರು ವಾಪಸ್ ಬಂದಿರತ್ತೆ, ಉತ್ತರ ಬೇರೆ ಇರತ್ತೆ.

## ಹಂತ 4: ಹಿಂದಿನ ರಾತ್ರಿ ಬರ್ಕೊಳ್ಳಿ

ನೋಟ್‌ಬುಕ್ ತೆಗೀರಿ. "ಹಿಂಗಾದ್ರೆ ಹಂಗೆ" ಅಂತ ಮೂರೇ ಸಾಲು. ಉದಾಹರಣೆಗೆ:

- ಆರನೇ ಕಿಲೋಮೀಟರ್‌ಗೆ ತೊಡೆ ಉರಿ ಶುರುವಾದ್ರೆ ಭುಜ ಸಡಿಲ ಬಿಡ್ತೀನಿ, ಸ್ಪೀಡ್ ಮುಟ್ಟಲ್ಲ.
- "ನಡೀಲಾ" ಅಂತ ಅನಿಸಿದ್ರೆ ಮುಂದಿನ ನೀರಿನ ಟೇಬಲ್ ತನಕ ಓಡಿ ಅಲ್ಲಿ ನೋಡ್ತೀನಿ.
- ಯಾರಾದ್ರೂ ಓವರ್‌ಟೇಕ್ ಮಾಡಿದ್ರೆ ಅವರ ಬೆನ್ನು ನೋಡ್ತೀನಿ, ವಾಚ್ ನೋಡಲ್ಲ.

ಮೂರಕ್ಕಿಂತ ಜಾಸ್ತಿ ಬೇಡ, ಶ್ರಮ 8 ಇದ್ದಾಗ ನಾಲ್ಕನೇದು ಯಾವುದು ಅಂತ ನೆನಪಿಗೆ ಬರಲ್ಲ.

ಆಮೇಲೆ ನಿಮಗೆ ನೀವು ಹೇಳ್ಕೊಳ್ಳೋ ಮಾತು. ವ್ಯಾಯಾಮ ವಿಜ್ಞಾನಿ ಸಾಮ್ಯುಯೆಲ್ ಮಾರ್ಕೋರಾ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವಾರ ಇಂಥ ಮಾತು ಅಭ್ಯಾಸ ಮಾಡಿದೋರು ಸೈಕಲ್ ಟೆಸ್ಟ್‌ನಲ್ಲಿ ಮೊದಲಿಗಿಂತ ಸುಮಾರು 18% ಜಾಸ್ತಿ ಹೊತ್ತು ಪೆಡಲ್ ತುಳಿದ್ರು. ಎರಡು ವಾರ ಅಭ್ಯಾಸ ಅನ್ನೋದನ್ನ ಗಮನಿಸಿ, ರೇಸ್ ದಿನ ಬೆಳಗ್ಗೆ ಇನ್‌ಸ್ಟಾಗ್ರಾಂನಿಂದ ಎತ್ತಿದ ಮಾತು ಕೆಲಸ ಮಾಡಲ್ಲ.

ಮಾತು ಚಿಕ್ಕದಿರ್ಲಿ, ನೀವು ಮನೇಲಿ ಆಡೋ ಭಾಷೇಲೇ ಇರ್ಲಿ. "ನಾನು ಮಾಡ್ತೀನಿ" ಅನ್ನೋದಕ್ಕಿಂತ ಇನ್ನೊಬ್ರು ಹೇಳಿದ ಹಾಗೆ, "ನೀನ್ ಮಾಡ್ತೀಯ, ನಡಿ" ಅನ್ನೋದು ಜಾಸ್ತಿ ಹತ್ತತ್ತೆ. "ಬಿಡ್ಬೇಡ ಮಗಾ", "ಇದು ಗೊತ್ತಿರೋ ನೋವೇ ಕಣೆ", "ಭುಜ ಬಿಡು", "ಹಗುರ, ಹಗುರ", ಹುಬ್ಬಳ್ಳಿ ಕಡೆಯೋರಾದ್ರೆ "ಹೊಡಿ ಮುಂದ, ನಿಂದರಬ್ಯಾಡ". "ನೋವಿಲ್ಲ, ನೋವಿಲ್ಲ" ಅಂತ ಮಾತ್ರ ಹೇಳ್ಕೊಳ್ಬೇಡಿ, ಸುಳ್ಳು ಅಂತ ಕಾಲಿಗೆ ಗೊತ್ತು. ಬೈಗುಳ ಕೂಡ ನಡಿಯತ್ತೆ, ಐಸ್ ನೀರಲ್ಲಿ ಕೈ ಅದ್ದಿಸಿದ ಪ್ರಯೋಗಗಳಲ್ಲಿ ಬೈಕೊಂಡೋರು ಜಾಸ್ತಿ ಹೊತ್ತು ತಡ್ಕೊಂಡಿದಾರೆ. ಕಬ್ಬನ್ ಪಾರ್ಕಲ್ಲಿ ಭಾನುವಾರ ಬೆಳಗ್ಗೆ ಮಕ್ಕಳು ಇರ್ತಾರೆ, ಮನಸ್ಸಲ್ಲೇ ಬೈಕೊಳ್ಳಿ.

ಆರ್ಸಿದ ಒಂದು ಮಾತನ್ನ ಬಾಲ್‌ಪೆನ್‌ನಲ್ಲಿ ಎಡಗೈ ಮಣಿಕಟ್ಟಿನ ಒಳಗಡೆ ಬರ್ಕೊಳ್ಳಿ, ವಾಚ್ ನೋಡೋಕೆ ಕೈ ತಿರುಗಿಸಿದಾಗ ಕಾಣ್ಬೇಕು. ಜೆಲ್ ಪೆನ್ ಬೇಡ, ಬೆವರಿಗೆ ಕಲಸಿ ಹೋಗತ್ತೆ.

## ಹಂತ 5: ಅವತ್ತಿನ ದಿನ ತಲೆ ಖಾಲಿ ಇರ್ಲಿ

ಇದೇ ಮಾರ್ಕೋರಾ 2009ರಲ್ಲಿ ಇನ್ನೊಂದು ತೋರ್ಸಿದ್ರು. 90 ನಿಮಿಷ ಕಂಪ್ಯೂಟರ್ ಮುಂದೆ ತಲೆ ಕೆಡಿಸೋ ಕೆಲಸ ಮಾಡ್ಸಿ ಆಮೇಲೆ ಸೈಕಲ್ ತುಳಿಸಿದ್ರೆ ಜನ ಬೇಗ ಕೈಚೆಲ್ಲಿದ್ರು, ಹೃದಯ, ಸ್ನಾಯು ಎಲ್ಲಾ ಸರಿಯಾಗೇ ಕೆಲಸ ಮಾಡ್ತಿತ್ತು, ಶ್ರಮ ಮಾತ್ರ ಶುರುವಿನಿಂದಲೇ ಜಾಸ್ತಿ ಅನಿಸ್ತಿತ್ತು. ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ ನಿಂತು ಬಂದು ಸಂಜೆ ಏಳಕ್ಕೆ ಇಂಟರ್ವಲ್ ಮಾಡೋರಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಕಾಗಿಲ್ಲ. ಜೋರು ವರ್ಕೌಟ್ ಬೆಳಗ್ಗೆ ಇಟ್ಕೊಳ್ಳಿ, ಇಲ್ಲ ಮೀಟಿಂಗ್ ಇಲ್ಲದ ದಿನ.

ಕಾಫಿ ಅಭ್ಯಾಸ ಇರೋರು ಮುಕ್ಕಾಲು ಗಂಟೆ ಮುಂಚೆ ಒಂದು ಸ್ಟ್ರಾಂಗ್ ಕಾಫಿ ಕುಡೀಬಹುದು, ಕೆಫೀನ್‌ನಿಂದ ಶ್ರಮ ಸ್ವಲ್ಪ ಕಮ್ಮಿ ಅನ್ಸತ್ತೆ. ಅಭ್ಯಾಸ ಇಲ್ಲದೋರು ರೇಸ್ ದಿನ ಪ್ರಯೋಗ ಮಾಡ್ಬೇಡಿ, ಮೊಬೈಲ್ ಟಾಯ್ಲೆಟ್ ಕ್ಯೂ ಉದ್ದ ಇರತ್ತೆ.

ಇನ್ನು ಮೊದಲ ಕಿಲೋಮೀಟರ್. ನಿಮ್ಮ ಗುರಿಗಿಂತ 10 ಸೆಕೆಂಡ್ ನಿಧಾನಕ್ಕೆ ಹೋಗಿ. ಬೆಂಗಳೂರಿನ ದೊಡ್ಡ ರೇಸ್‌ಗಳಲ್ಲಿ ಸ್ಟಾರ್ಟ್‌ನಲ್ಲಿ ಡೊಳ್ಳು, ತಮಟೆ, ಕಿರುಚಾಟ, ಅದ್ರಲ್ಲಿ ಎಡಕ್ಕೆ ಬಲಕ್ಕೆ ನುಗ್ಗಿ ಜನರನ್ನ ದಾಟ್ಕೊಂಡು ಹೋದೋರನ್ನ ಏಳನೇ ಕಿಲೋಮೀಟರ್‌ನಲ್ಲಿ ಸೊಂಟದ ಮೇಲೆ ಕೈ ಇಟ್ಕೊಂಡು ನಡೀತಿರೋದನ್ನ ನೋಡ್ಬಹುದು.

## ಹಂತ 6: ನೋವು ಬಂತು, ಈಗ

ಆರ್ಡರ್ ಮುಖ್ಯ. ಮೇಲಿಂದ ಒಂದೊಂದೇ ಮಾಡ್ತಾ ಬನ್ನಿ, ಮೊದಲನೇದಕ್ಕೇ ತಗ್ಗಿದ್ರೆ ಎರಡನೇದನ್ನ ಉಳಿಸ್ಕೊಳ್ಳಿ.

1. ಹೆಸರು ಹೇಳಿ. "ಎರಡೂ ತೊಡೆ ಉರಿ, 5." ಹಂತ ಒಂದರ ವಿಂಗಡಣೆ ಇಲ್ಲಿ ಎರಡು ಸೆಕೆಂಡಲ್ಲಿ ಆಗ್ಬೇಕು.

2. ಉಸಿರು ಹೊರಗೆ. ನೋವಿಗೆ ಹೆದರಿದೋರು ಉಸಿರನ್ನ ಮೇಲ್ಮೇಲೆ ಎಳ್ಕೊಳ್ತಾರೆ, ಹೊರಗೆ ಬಿಡೋದೇ ಮರೀತಾರೆ. ನಾಲ್ಕೈದು ಸಲ ಜೋರಾಗಿ, ಶಬ್ದ ಬರೋ ಹಾಗೆ ಪೂರ್ತಿ ಹೊರಗೆ ಬಿಡಿ. ಒಳಗೆ ತಗೊಳ್ಳೋದು ತಾನಾಗೇ ಆಗತ್ತೆ. ಆಮೇಲೆ ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ.

3. ಮೇಲಿಂದ ಕೆಳಗೆ ಸಡಿಲ ಮಾಡಿ. ದವಡೆ ಮೊದಲು, ಕೆಳಗಿನ ತುಟಿ ಅಲ್ಲಾಡೋಷ್ಟು ಸಡಿಲ. ಆಮೇಲೆ ಭುಜ: ಏಳನೇ ಕಿಲೋಮೀಟರ್‌ಗೆ ಭುಜ ಕಿವಿ ಹತ್ರ ಬಂದಿರತ್ತೆ, ನಿಮಗೆ ಗೊತ್ತೇ ಇರಲ್ಲ, ಎರಡೂ ಕೈ ಒಂದ್ಸಲ ಕೆಳಗೆ ಬಿಟ್ಟು ಕೊಡವಿ. ಆಮೇಲೆ ಮುಷ್ಟಿ: ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ನೆ ಕೂತಿರ್ಬೇಕು, ಉಗುರು ಅಂಗೈಗೆ ಒತ್ಬಾರ್ದು. ತೊಡೆ ಉರಿತಾನೇ ಇರತ್ತೆ, ಆದ್ರೆ ತೊಡೆ ಒಂದೇ ಉರಿತಿರತ್ತೆ.

4. ಮುಖ. ಕೀನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೊಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ 1:59:40ಕ್ಕೆ ಮ್ಯಾರಥಾನ್ ದೂರ ಮುಗಿಸಿದ್ರಲ್ಲ, ಓಡ್ತಾ ಓಡ್ತಾ ನಗೋದು ಅವರು ಬೇಕಂತ್ಲೇ ಬಳಸೋ ಉಪಾಯ. ನಗ್ತಾ ಓಡಿದಾಗ ಮುಖ ಗಂಟು ಹಾಕಿ ಓಡೋದಕ್ಕಿಂತ ಆಮ್ಲಜನಕ ಸ್ವಲ್ಪ ಕಮ್ಮಿ ಖರ್ಚಾಗತ್ತೆ ಅಂತ 2018ರ ಒಂದು ಅಧ್ಯಯನದಲ್ಲಿ ಕಂಡಿದೆ. ಮೂವತ್ತು ಸೆಕೆಂಡ್ ನಗಿ, ಬಿಡಿ, ಮತ್ತೆ ನಗಿ. ರೇಸ್ ಫೋಟೋನಾದ್ರೂ ಚೆನ್ನಾಗಿ ಬರತ್ತೆ.

5. ದೂರನ ತುಂಡು ಮಾಡಿ. "ಇನ್ನೂ ಮೂರು ಕಿಲೋಮೀಟರ್" ಅಂತ ಲೆಕ್ಕ ಹಾಕ್ಬೇಡಿ. ಮುಂದಿರೋ ಹಳದಿ ಟೀಶರ್ಟ್ ತನಕ. ಆಮೇಲೆ ಸಿಗ್ನಲ್ ಕಂಬದ ತನಕ. ಟ್ರ್ಯಾಕ್‌ನಲ್ಲಾದ್ರೆ ತಿರುವಿನ ತನಕ.

6. ಕೈ ಮೇಲಿನ ಮಾತು. ಇದನ್ನ ಕೊನೆಗೆ ಇಟ್ಕೊಂಡಿರೋದಕ್ಕೆ ಕಾರಣ ಇದೆ, ಎರಡನೇ ಕಿಲೋಮೀಟರ್‌ನಿಂದ ಜಪ ಮಾಡ್ತಾ ಬಂದ್ರೆ ಎಂಟನೇದಕ್ಕೆ ಅದು ಸವೆದು ಹೋಗಿರತ್ತೆ.

ಆರೂ ಮಾಡಿ ಮುಗಿಸಿದ್ರೂ ಏರ್ತಾನೇ ಇದ್ರೆ ಸ್ಪೀಡ್ ಇಳಿಸಿ, ಕಿಲೋಮೀಟರ್‌ಗೆ 15–20 ಸೆಕೆಂಡ್. ಪೂರ್ತಿ ನಡಿಗೆಗೆ ಇಳಿಯೋಕೆ ಮುಂಚೆ ಇದೊಂದು ಗೇರ್ ಇದೆ ಅಂತ ಬಹಳ ಜನಕ್ಕೆ ಹೊಳೆಯೋದೇ ಇಲ್ಲ.

ನೋವಿನ ಕಡೆ ಗಮನ ಕೊಡ್ಬೇಕಾ, ಬೇರೆ ಏನಾದ್ರೂ ಯೋಚ್ನೆ ಮಾಡ್ಬೇಕಾ ಅಂತ ಕೇಳ್ತಾರೆ. ನಿಧಾನ ಓಟದಲ್ಲಿ ಬೇರೆ ಯೋಚ್ನೆ ಆರಾಮಾಗಿ ನಡಿಯತ್ತೆ, ಸಂಜೆ ಏನ್ ಸಾರು ಮಾಡೋದು ಅಂತ ಯೋಚಿಸ್ಕೊಂಡು ಓಡಿ. ಶ್ರಮ 7 ದಾಟಿದ್ಮೇಲೆ ಮೈ ಗಮನನ ಎಳ್ಕೊಂಡೇ ಎಳ್ಕೊಳ್ಳತ್ತೆ, ಜಗ್ಗಾಡ್ಬೇಡಿ, ಉಸಿರು, ಭುಜ, ಹೆಜ್ಜೆ ಕಡೆ ಕೊಟ್ಬಿಡಿ. ನೋವಿನ ಮೇಲೆ ನೆಟ್ಟ ಕಣ್ಣು ಹಾಕಿ ಕೂರೋದಕ್ಕಿಂತ ಮಾಡೋ ಕೆಲಸದ ಮೇಲೆ ಇಡೋದು ಸುಲಭ.

## ಹಂತ 7: ಮುಗಿದ ಮೇಲೆ

ಗಕ್ಕಂತ ನಿಲ್ಬೇಡಿ, ಕೂರ್ಬೇಡಿ. ಜೋರಾಗಿ ಓಡಿ ಒಂದೇ ಸಲ ನಿಂತ್ರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತತ್ತೆ. ಹತ್ತು ನಿಮಿಷ ನಡೀರಿ. ಅದೇ ದಿನ ಮೂರು ಸಾಲು ಬರೀರಿ: ನೋವು ಎಲ್ಲಿ ಶುರು ಆಯ್ತು, ಯಾವ ಉಪಾಯ ಕೆಲಸ ಮಾಡ್ತು, ಬಿಡ್ಬೇಕು ಅನಿಸಿದಾಗ ನಂಬರ್ ಎಷ್ಟಿತ್ತು. ಸಮಯ, ಸ್ಪೀಡ್ ಎಲ್ಲಾ ವಾಚಲ್ಲೇ ಇರತ್ತೆ.

ಮಾರನೇ ದಿನ, ಅದ್ರ ಮಾರನೇ ದಿನ ಬರೋ ಮೈಕೈ ನೋವು ಬೇರೇನೇ. ಅದು ಸಾಮಾನ್ಯವಾಗಿ 24ರಿಂದ 72 ಗಂಟೆ ಮಧ್ಯೆ ಜೋರಾಗಿರತ್ತೆ, ಇಳಿಜಾರಲ್ಲಿ ಓಡಿದ್ರೆ ಇನ್ನೂ ಜಾಸ್ತಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೋರಿಗೆ ಅವತ್ತು ಉಸಿರಿನ ತೊಂದ್ರೆ, ಓಡ್ತಾ ಇಳಿದೋರಿಗೆ ಎರಡನೇ ದಿನ ತೊಡೆ ತೊಂದ್ರೆ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರೋಕೆ ಕಷ್ಟ ಆಗ್ತಿದೆ ಅಂದ್ರೆ ಅವತ್ತು ಇಂಟರ್ವಲ್ ಇಲ್ಲ, ನಿಧಾನ ನಡಿಗೆ ಸಾಕು. ಇದನ್ನ ತಡ್ಕೊಂಡು ಓಡೋದು ಮನೋಬಲದ ಅಭ್ಯಾಸ ಅಂತ ಅಂದ್ಕೊಳ್ಬೇಡಿ, ಹೆಜ್ಜೆ ಕೆಟ್ಟು ಬೇರೆ ಕಡೆ ಪೆಟ್ಟಾಗತ್ತೆ.

## ಆರು ವಾರ ಮಾಡಿದ್ರೂ ಅದೇ ಜಾಗದಲ್ಲಿ ನಿಲ್ತಿದ್ರೆ

ಮೊದಲು ನೋಟ್‌ಬುಕ್ ತಿರುವಿ. ನಿದ್ದೆ ಆರು ಗಂಟೆಗಿಂತ ಕಮ್ಮಿ ಇದ್ದ ದಿನಗಳಲ್ಲೇ ಬಿಟ್ಟಿದ್ದೀರಾ? ಖಾಲಿ ಹೊಟ್ಟೇಲಿ ಓಡಿದ ದಿನಾನಾ? ಜೋರು ದಿನಕ್ಕೆ ಒಂದು ಗಂಟೆ ಮುಂಚೆ ಒಂದು ಬಾಳೆಹಣ್ಣು ತಿಂದು ನೋಡಿ. ನಿಧಾನ ಓಡ್ಬೇಕಾದ ದಿನಗಳ ಶ್ರಮ 3ರಲ್ಲಿದ್ಯಾ ಇಲ್ಲ 6ರಲ್ಲಿದ್ಯಾ? 6ರಲ್ಲಿದ್ರೆ ಜೋರು ದಿನಕ್ಕೆ ಕಾಲೇ ಉಳಿದಿರಲ್ಲ.

ಅದೆಲ್ಲಾ ಸರಿ ಇದ್ದು, ಮಹಡಿ ಹತ್ತಿದ್ರೂ ಏದುಸಿರು, ಮುಂಚೆ 4 ಅನಿಸ್ತಿದ್ದ ಸ್ಪೀಡು ಈಗ 7 ಅನ್ಸತ್ತೆ ಅಂದ್ರೆ ರಕ್ತ ಪರೀಕ್ಷೆ ಮಾಡ್ಸಿ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಅಂತ ಕೇಳಿ ಮಾಡ್ಸಿ, ಹಿಮೋಗ್ಲೋಬಿನ್ ನಾರ್ಮಲ್ ಇದ್ದೂ ಕಬ್ಬಿಣದ ದಾಸ್ತಾನು ಖಾಲಿ ಆಗಿರ್ಬಹುದು, ಮುಟ್ಟಾಗೋ ಹೆಣ್ಣುಮಕ್ಕಳಲ್ಲಿ, ಸಸ್ಯಾಹಾರಿಗಳಲ್ಲಿ ಇದು ಜಾಸ್ತಿ. ಜೊತೆಗೆ ಬಿ12, ಥೈರಾಯ್ಡ್. ರಿಪೋರ್ಟ್ ಬಂದ್ಮೇಲೆ ಮೆಡಿಕಲ್ ಶಾಪಿಂದ ನೀವೇ ಕಬ್ಬಿಣದ ಮಾತ್ರೆ ತಗೋಬೇಡಿ, ಡೋಸ್ ಡಾಕ್ಟ್ರು ಹೇಳ್ಲಿ, ಆ ಮಾತ್ರೆನ ಕಾಫಿ ಟೀ ಜೊತೆ ನುಂಗ್ಬೇಡಿ, ಮೈಗೆ ಹತ್ತಲ್ಲ. ಅಲ್ಲೀ ತನಕ ಇಂಟರ್ವಲ್ ಬಂದ್, ನಿಧಾನ ಓಟ ಮಾತ್ರ.